ಊಟದ ಮೇಜಿನ ಪ್ರಶ್ನೆಗಳು

ಮಾರ್ಚ್ 11, ಬೆಳಿಗ್ಗೆ

ಇವತ್ತೂ ರಿಹರ್ಸಲ್. ತಿಂಡಿ ತಟ್ಟೆ ಎತ್ತುವ ಮೊದಲೇ ಅಪ್ಪ ಕುರ್ಚಿ ತಿರುಗಿಸಿಕೊಂಡು ಕೂತರು. ಅವರೇ ಸಭಿಕರು, ನಾನು ಶಾಸಕಿ. ನಾಲ್ಕು ಸಲ ಗೆದ್ದ ಮನುಷ್ಯ. ಮೊಣಕಾಲು ಕೈಕೊಟ್ಟ ಮೇಲೆ ಕ್ಷೇತ್ರವನ್ನು ನನಗೆ ಬಿಟ್ಟರು, ಹೇಳಿಕೊಡುವ ಚಾಳಿ ಮಾತ್ರ ಬಿಡಲಿಲ್ಲ.

ಬಜೆಟ್ ಪಾಸಾಗಿದೆ. ಇನ್ನು ಬಡಾವಣೆ ಬಡಾವಣೆಗೆ ಹೋಗಿ ಏನು ಬಂತು, ಏನು ಬರಲಿಲ್ಲ, ಈ ವರ್ಷ ಯಾವುದು ಮೊದಲು ಎಂದು ಜನರಿಗೆ ಹೇಳಬೇಕು. ನೀರಿನ ಪೈಪು, ಶಾಲೆಯ ಛಾವಣಿ, ಮಾರ್ಕೆಟ್ ರಸ್ತೆ — ಇವನ್ನೆಲ್ಲ ಎದೆಯುಬ್ಬಿಸಿ ಹೇಳಬಹುದು. ಕೊನೆಯ ಪ್ಯಾರಾ ಮಾತ್ರ ಹಾಗಲ್ಲ. ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚುತ್ತಿದೆ. ಇನ್ನು ಮೇಲೆ ಗಂಟೆಗಟ್ಟಲೆ ದೂರದ ದೊಡ್ಡಾಸ್ಪತ್ರೆಯೇ ಗತಿ. ಪಕ್ಷ ಹೇಳಿತು, ಸದನದಲ್ಲಿ ನಾನೂ ಕೈ ಎತ್ತಿದೆ.

“ಮುಚ್ಚೋದು ಅನ್ನಬೇಡ ಕಣಮ್ಮ, ವಿಲೀನ ಅನ್ನು,” ಎಂದರು ಅಪ್ಪ. “ಹಾಗಂದ್ರೆ ಯಾರಿಗೂ ನೋಯಲ್ಲ.”

ವಿಲೀನ ಎಂದು ತಿದ್ದಿಕೊಂಡೆ. ಆಮೇಲೆ ಅಪ್ಪ ಎದ್ದು ನಿಂತು, ಒಮ್ಮೆ ಕೆಮ್ಮಿ, ಪ್ರಶ್ನೆ ಕೇಳಲು ಶುರು. ಪೈಪು ಹಾಕೋದು ಬೀದಿಯ ಮೇಲಿನ ತುದಿಯಿಂದಲೋ ಕೆಳಗಿನ ತುದಿಯಿಂದಲೋ? ರಸ್ತೆ ಅಗೆದವರೇ ಮುಚ್ಚುತ್ತಾರೋ? ಪ್ರತಿಯೊಂದರ ಕೊನೆಗೂ ಅವರದೇ ಬಾಲ — “ಬಾಯಲ್ಲಿ ಹೇಳೋದು ಬೇಡ, ಕಣ್ಣಿಗೆ ಯಾವಾಗ ಕಾಣುತ್ತೆ ಅದು ಹೇಳಿ.” ಎಲ್ಲಕ್ಕೂ ಉತ್ತರ ಹುಡುಕಿಸಿ, ಪ್ರಶ್ನೆ ಉತ್ತರ ಎರಡನ್ನೂ ಕಾಗದದಲ್ಲಿ ಬರೆಸಿ, ಬಾಯಿಪಾಠ ಮಾಡಿಸಿಯೇ ಬಿಟ್ಟರು.

ಮಾರ್ಚ್ 13, ಸಂಜೆ

ಮೊದಲ ಸಭೆ. ಚಪ್ಪಾಳೆಯೋ ಚಪ್ಪಾಳೆ. ಆದರೂ ಸಮಾಧಾನವಿಲ್ಲ.

ಮೊದಲು ಎದ್ದವನು ಪೈಪಿನ ಬಗ್ಗೆ ಕೇಳಿದ. ಬೀದಿಯ ಮೇಲಿನಿಂದಲೋ ಕೆಳಗಿನಿಂದಲೋ? ಎರಡನೆಯವನು — ರಸ್ತೆ ಅಗೆದವರೇ ಮುಚ್ಚುತ್ತಾರಾ? ನಮ್ಮ ಊಟದ ಮೇಜಿನ ಪ್ರಶ್ನೆಗಳು, ಅದೇ ಸಾಲಿನಲ್ಲಿ. ನನ್ನ ಕಾಗದ ಮೊದಲೇ ಯಾರದೋ ಕೈ ಸೇರುತ್ತಿದೆ. ಯಾರ ಕೈ ಅಂತ ಬೇರೆ ಹೇಳಬೇಕಾ... ನಗುಮುಖನದೇ. (ಹೋದ ಚುನಾವಣೆಯಲ್ಲಿ ನನ್ನೆದುರು ಸೋತವನು. ಸೋತ ದಿನವೂ ಹಲ್ಲು ಕಿರಿಯುತ್ತಿದ್ದ, ಅದಕ್ಕೇ ಈ ಹೆಸರು.) ಇವತ್ತು ಪ್ರಶ್ನೆ ಕೇಳಿಸಿದ್ದಾನೆ, ನಾಳೆ ಏನು ಕೇಳಿಸುತ್ತಾನೋ.

ವಾರ್ಡ್ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರ ಮಟ್ಟಿಗೆ ಬಚಾವ್.

ಮಾರ್ಚ್ 14

ಕಾಗದ ಟೈಪ್ ಮಾಡುವುದು ಪಿ.ಎ. ಮೊದಲ ಚುನಾವಣೆಯಿಂದ ಜೊತೆಗಿದ್ದಾನೆ. ನನ್ನ ಇನ್ನೊಂದು ಕನ್ನಡಕ, ಗಂಟಲಿನ ಮಾತ್ರೆ ಎಲ್ಲ ಅವನ ಜೇಬಿನಲ್ಲೇ. ಆದರೆ ಇತ್ತೀಚೆಗೆ ಫೋನ್ ಬಂದರೆ ಮೆಟ್ಟಿಲ ಕೆಳಗೆ ಹೋಗಿ ಗುಸುಗುಸು. ನಾನು ಹತ್ತಿರ ಹೋದರೆ ಕಟ್. ಕೇಳಿದರೆ “ಏನಿಲ್ಲ ಮೇಡಂ, ಸುಮ್ನೆ.” ಸುಮ್ಮನೆ ಯಾರು ಮೆಟ್ಟಿಲ ಕೆಳಗೆ ಬಗ್ಗಿ ನಿಂತು ಮಾತಾಡುತ್ತಾರೆ?

ನಮ್ಮವರಿಗೆ ಹೇಳಿದೆ. ಶೇವ್ ಮಾಡಿಕೊಳ್ಳುತ್ತಲೇ ನಕ್ಕರು. “ಅಲ್ವೇ, ನಿನಗೆ ಉತ್ತರ ಗೊತ್ತಿರೋ ಪ್ರಶ್ನೆನೇ ಹುಡುಕಿ ಕೇಳೋನು ಎಂಥಾ ಶತ್ರು?”

ಇವರಿಗೆ ರಾಜಕೀಯದ ಗಂಧ ಗಾಳಿ ಇಲ್ಲ.

ಮಾರ್ಚ್ 17

ಎರಡನೇ ಸಭೆ. ಮತ್ತೆ ಅದೇ ಕಥೆ. ಛಾವಣಿಯ ಪ್ರಶ್ನೆ ನಿನ್ನೆ ಸಂಜೆಯಷ್ಟೇ ಅಪ್ಪ ಎತ್ತಿದ್ದು. ಇವತ್ತು ಕೆಂಪು ಸ್ವೆಟರಿನ ಮುದುಕರೊಬ್ಬರು ಒಂದಕ್ಷರ ತಪ್ಪದೆ ಕೇಳಿದರು. ಪಿ.ಎ. ಗೋಡೆಗೆ ಒರಗಿ ನಿಂತಿದ್ದ. ಮುಖ ನೋಡಿದೆ... ಏನೂ ಗೊತ್ತಿಲ್ಲದವನ ಮುಖ. ಅಂಥವರನ್ನೇ ನಂಬಬಾರದು.

ಡ್ರೈವರ್ ಮೇಲೂ ಕಣ್ಣಿಟ್ಟಿದ್ದೇನೆ. ಕಾರಿನಲ್ಲಿ ಯಾವ ಮಾತೂ ಆಡುತ್ತಿಲ್ಲ. ಅಡುಗೆಯವಳು ಬಾಗಿಲ ಹತ್ತಿರ ನಿಂತರೂ ಮೈಯೆಲ್ಲ ಕಿವಿಯಾಗುತ್ತದೆ. ಯಾಕೋ ಮನೆಯೇ ನನ್ನದಲ್ಲ ಅನ್ನಿಸುತ್ತಿದೆ.

ಮಾರ್ಚ್ 18

ಮಧ್ಯಾಹ್ನ ಪಿ.ಎ.ಯನ್ನು ಕರೆದೆ. “ನಾಳೆಯಿಂದ ಸಭೆಗೆ ಬರೋದು ಬೇಡ. ಕೆಳಗಿನ ಆಫೀಸಿನಲ್ಲಿ ಅರ್ಜಿ ನೋಡ್ಕೊಳ್ಳಿ.” ಇಷ್ಟು ವರ್ಷ ಏಕವಚನ, ಬಹುವಚನ ಕೇಳಿಯೇ ಅರ್ಥ ಮಾಡಿಕೊಂಡ.

“ಏನ್ ತಪ್ಪಾಯ್ತು ಮೇಡಂ?”

“ತಪ್ಪು ಅಂತಲ್ಲ.”

“ಮತ್ತೆ?”

ಫೈಲ್ ನೋಡುವವಳಂತೆ ತಲೆ ತಗ್ಗಿಸಿದೆ. ಅವನು ಜೇಬಿನಿಂದ ಕನ್ನಡಕ ತೆಗೆದ, ಮಾತ್ರೆ ಡಬ್ಬಿ ತೆಗೆದ, ಮೇಜಿನ ಮೇಲಿಟ್ಟ. ಬಾಗಿಲು ಹಾಕಿಕೊಂಡು ಹೋದ, ಸದ್ದಾಗದ ಹಾಗೆ.

ಸರಿಯಾಗಿಯೇ ಮಾಡಿದೆ. ಸರಿಯಾಗಿಯೇ ಮಾಡಿದೆ ಅಂದುಕೊಂಡಿದ್ದೇನೆ.

ಮಾರ್ಚ್ 22, ಸಂಜೆ ಐದು

ಈ ಸಲ ಟೈಪಿಲ್ಲ, ಪ್ರಿಂಟಿಲ್ಲ. ಕೈಯಲ್ಲೇ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಅಪ್ಪನ ಮುಂದೆ ಒಮ್ಮೆ ಓದಿದ್ದಷ್ಟೇ, ಅದೂ ಬಾಗಿಲು ಹಾಕಿಕೊಂಡು.

ಮುಂದಿನ ಸಾಲಿನಿಂದ ನಮ್ಮನೆ ಬಟ್ಟೆ ಹೊಲಿಯುವ ಟೈಲರ್ ಎದ್ದ. ಒಮ್ಮೆ ಕೆಮ್ಮಿದ. ಬಸ್ ನಿಲ್ದಾಣದ ಬಗ್ಗೆ ಕೇಳಿದ. ಕೊನೆಗೆ — “ಬಾಯಲ್ಲಿ ಹೇಳೋದು ಬೇಡ, ಕಣ್ಣಿಗೆ ಯಾವಾಗ ಕಾಣುತ್ತೆ ಅದು ಹೇಳಿ.”

ಆ ಕೆಮ್ಮು ಕೂಡ ಅಪ್ಪನದೇ.

ಉತ್ತರ ಬಾಯಿಪಾಠವಿತ್ತು, ಮೈಕ್ ಕೈಯಲ್ಲಿತ್ತು. ಆದರೂ ಪಕ್ಕಕ್ಕೆ ಕೈ ಚಾಚಿದೆ. ಮಾತ್ರೆ ಕೊಡುವವನು ಅಲ್ಲಿರಲಿಲ್ಲ.

ಅದೇ ದಿನ, ಏಳು ಗಂಟೆ

ಅಪ್ಪ ವರಾಂಡದಲ್ಲಿ ಶೂ ಪಾಲಿಶ್ ಮಾಡುತ್ತಿದ್ದರು. ಎಲ್ಲಿಗೂ ಹೋಗುವುದಿಲ್ಲ, ಆದರೂ ದಿನಾ ಪಾಲಿಶ್ ಆಗಲೇಬೇಕು.

“ಟೈಲರ್‌ಗೆ ಪ್ರಶ್ನೆ ಕೊಟ್ಟಿದ್ದು ನೀವಾ?”

“ಹೂಂ. ಸರಿಯಾಗಿ ಕೇಳಿದ್ನಾ? ಅವನು ಸ್ವಲ್ಪ ತಡವರಿಸ್ತಾನೆ.”

ಮುಚ್ಚುಮರೆಯೇ ಇಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

“ನಗುಮುಖನ ಕಡೆಯವರು ಏಳೋ ಮೊದಲೇ ನಮ್ಮವರು ಏಳಬೇಕಮ್ಮ. ಒಂದು ಗಂಟೆ ಸಭೆ. ನಾಲ್ಕೈದು ಪ್ರಶ್ನೆ. ಟೈಮ್ ಆಯ್ತು, ನಮಸ್ಕಾರ. ನಾನು ಅಷ್ಟು ಸಲ ಗೆದ್ದಿದ್ದು ಹೇಗೆ ಅಂದ್ಕೊಂಡಿದ್ದೀಯ?”

“ಹಿಂದೆ ಕೂತವರು ಏನಾದ್ರೂ ಕೇಳಬೇಕಿದ್ರೆ?”

“ಅವರಿಗೆ ಟೀ ಕೊಡಿಸ್ತಿದ್ದೆ.”

ಇದುವರೆಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತು. “ಅಪ್ಪಾ, ವಾರ್ಡ್ ವಿಷಯ ಯಾರೂ ಯಾಕೆ ಕೇಳಲಿಲ್ಲ?”

ಬ್ರಷ್ ನಿಲ್ಲಿಸಿ ನನ್ನನ್ನೇ ನೋಡಿದರು. ಪೆದ್ದು ಮಗುವನ್ನು ನೋಡುವ ಹಾಗೆ, ಪ್ರೀತಿಯಿಂದಲೇ. “ನಾನು ಯಾರಿಗೂ ಕೊಡಲಿಲ್ಲವಲ್ಲ ಕಣಮ್ಮ.”

ಮಾರ್ಚ್ 29

ಒಂದು ವಾರ ಏನೂ ಬರೆಯಲಾಗಲಿಲ್ಲ. ಅಪ್ಪನ ಜೊತೆ ಮಾತಿಲ್ಲ. ಮೇಜಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ನಡುವೆ ನಮ್ಮವರು ಉಪ್ಪಿನ ಡಬ್ಬಿ ದಾಟಿಸುತ್ತಾ ಕೂತಿರುತ್ತಾರೆ.

ಇವತ್ತು ಕೆಳಗಿನ ಆಫೀಸಿಗೆ ನಾನೇ ಇಳಿದು ಹೋದೆ. ಪಿ.ಎ. ಎದ್ದು ನಿಂತ.

“ಅವತ್ತು ಮೆಟ್ಟಿಲ ಕೆಳಗೆ ಯಾರ ಫೋನು?”

“ಜನರದ್ದು ಮೇಡಂ. ವಾರ್ಡ್ ನಿಜವಾಗ್ಲೂ ಮುಚ್ತಾರಾ ಅಂತ. ದಿನಾ ಬರ್ತಿತ್ತು. ನಿಮಗೆ ಹೇಳೋಣ ಅಂತ ಬಂದೆ, ಹಿರಿಯರು ತಡೆದ್ರು. ಸಭೆ ಮುಗಿಯೋವರೆಗೂ ಅವಳ ತಲೆ ಕೆಡಿಸಬೇಡ ಅಂದ್ರು.”

ಕಾಗದ ಕದ್ದವನು ಇವನೇ ಅಂದುಕೊಂಡಿದ್ದೆ. ಪಾಪ, ಬೈಗುಳವನ್ನೆಲ್ಲ ನನ್ನ ಬದಲು ಅವನೇ ತಿನ್ನುತ್ತಿದ್ದ. ನಾಚಿಕೆಯಿಂದ ಕುಗ್ಗಿಹೋದೆ. “ತಪ್ಪಾಯ್ತು ಕಣೋ,” ಎಂದೆ. ಏಕವಚನಕ್ಕೆ ಅವನ ಮುಖ ಸ್ವಲ್ಪ ಅರಳಿತು, ಅಷ್ಟೆ. ಕನ್ನಡಕ, ಮಾತ್ರೆ ವಾಪಸ್ ಕೊಟ್ಟೆ.

ಏಪ್ರಿಲ್ 2, ಬೆಳಿಗ್ಗೆ

ಕೊನೆಯ ಸಭೆ ಇವತ್ತು, ಆಸ್ಪತ್ರೆಯ ಹಿಂದಿನ ಬೀದಿಯ ಹಾಲ್‌ನಲ್ಲಿ. “ಯಾರಿಗೂ ಫೋನ್ ಮಾಡಬೇಡಿ,” ಎಂದೆ ಅಪ್ಪನಿಗೆ. ಹನ್ನೊಂದು ದಿನದಲ್ಲಿ ಮೊದಲ ಮಾತು. “ಬೀಳ್ತೀಯ,” ಎಂದರು. ಸಿಟ್ಟಿನಿಂದಲ್ಲ.

ವಿಲೀನ ಹೊಡೆದು ಹಾಕಿದೆ. ಮುಚ್ಚುವುದು ಎಂದು ಬರೆದೆ.

ಸಂಜೆ, ಹಾಲ್‌ನ ಹಿಂದಿನ ಕೋಣೆ

ಹೊರಗೆ ಸಭೆ ನಡೆದೇ ಇದೆ. ಮುರಿದ ಕುರ್ಚಿಗಳ ನಡುವೆ ಕೂತು ಗೀಚುತ್ತಿದ್ದೇನೆ.

ಪ್ರಶ್ನೆ ಇದ್ದರೆ ಕೇಳಿ ಎಂದೆ. ಯಾರೂ ಏಳಲಿಲ್ಲ. ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನವರೇ ಕೇಳುವುದು ಎಂದು ಜನ ಅಭ್ಯಾಸ ಮಾಡಿಕೊಂಡುಬಿಟ್ಟಿದ್ದಾರೆ, ಅಪ್ಪನ ಕಾಲದಿಂದ. ಮತ್ತೊಮ್ಮೆ ಹೇಳಿದೆ, ಹಿಂದೆ ಕೂತವರೂ ಕೇಳಬಹುದು ಎಂದು. ಆಗ ಒಬ್ಬಳು ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದಳು. ತುಂಬು ಬಸುರಿ.

“ನನಗೆ ಮುಂದಿನ ತಿಂಗಳು ಮೇಡಂ. ನೋವು ಬಂದ ಮೇಲೆ ಅಷ್ಟು ದೂರ ಹೇಗೆ ಹೋಗ್ಲಿ? ಇದಕ್ಕೆ ಒಪ್ಪಿದವರು ಯಾರು?”

ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿಲ್ಲ. ನನ್ನ ಬಾಯಿಂದ ಬಂದದ್ದೇನು ಗೊತ್ತಾ? “ಎಲ್ಲರಿಗೂ ಟೀ ಕೊಡಿ.” ಹಾಗಂದು ಇಲ್ಲಿಗೆ ಓಡಿ ಬಂದೆ. ಅಪ್ಪನ ಮಗಳೇ ಸರಿ.

ಫೋನ್ ಮಿಣುಕುತ್ತಿದೆ. ಅಪ್ಪ. ಉತ್ತರ ಹೇಳಿಕೊಡಲೆಂದೇ ಇರಬೇಕು, ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಎತ್ತುವುದಿಲ್ಲ.

ಪಿ.ಎ. ಬಾಗಿಲು ತಟ್ಟುತ್ತಿದ್ದಾನೆ. “ಯಾರೂ ಟೀ ಮುಟ್ಟಿಲ್ಲ ಮೇಡಂ. ಆ ಹುಡುಗಿ ಇನ್ನೂ ನಿಂತೇ ಇದ್ದಾಳೆ.”

ಒಂದೇ ಒಂದು ಸಾಲು ಬರೆದುಕೊಂಡು ಹೋಗುತ್ತೇನೆ, ಅಲ್ಲಿ ನಾಲಿಗೆ ಹೊರಳದಿದ್ದರೆ ನೋಡಿಕೊಂಡಾದರೂ ಓದಬಹುದು — ನಿಮ್ಮ ವಾರ್ಡ್ ಮುಚ್ಚಲು ಒಪ್ಪಿ ಕೈ ಎತ್ತಿದವಳು ನಾನೇ.