ಬಿಟ್ಟುಹೋದ ಪಾಳಿ

ಮುಂಡಗೋಡ, ಫೆಬ್ರವರಿ ೧೧, ಮಂಗಳವಾರ

ಕೃಷಿ ಸಲಹೆಗಾರ್ತಿಯಾಗಿ ನಾನು ರೈತರ ವಾಟ್ಸಾಪ್ ಗುಂಪಿಗೆ ಬರೆದಿಟ್ಟ ವಾರದ ಸಂದೇಶದಲ್ಲಿ ಕಾಶೆವ್ವನ ಹೊಲದ ವಿಷಯ ಬಿಟ್ಟೇಬಿಡುತ್ತಿದ್ದೆ. ಮಣ್ಣಿನ ಹಸಿ ನೋಡಿ ನೀರು ಹಾಯಿಸಿದ್ದಕ್ಕೆ ಪಂಪಿನ ಡೀಸೆಲ್ ಉಳಿಯಿತು ಎಂದಷ್ಟೇ ಬರೆದಿದ್ದೆ. ಉಳಿದದ್ದೇನೋ ನಿಜ.

ಇಲ್ಲೇ ಹತ್ತಿರದ ಇಂದೂರು ಗ್ರಾಮದ ಹಳ್ಳದ ಪಂಪು ಐದು ಮನೆಯವರದು, ಪಾಳಿಯ ಮೇಲೆ ನಡೆಯುತ್ತದೆ. ಹೋದ ವಾರ ಕಾಶೆವ್ವನ ಪಾಳಿಯ ದಿನ ನಾನೇ ಮಣ್ಣು ಹಿಡಿದು ನೋಡಿ, ಇನ್ನೂ ಹಸಿ ಇದೆ, ಎರಡು ದಿನ ತಡೆದು ನೀರು ಹಾಯಿಸಿ ಎಂದೆ. ಬಿಟ್ಟ ಪಾಳಿ ಮತ್ತೆ ಬರಬೇಕಾದರೆ ಉಳಿದವರದೆಲ್ಲ ಮುಗಿಯಬೇಕಂತೆ. ಇವತ್ತು ಹೋದರೆ, ತುದಿಯಲ್ಲಿ ಸೂಲಂಗಿ ಹೂ ಬಿಟ್ಟ ಗೋವಿನಜೋಳದ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು.

“ಅಕ್ಕಾರ, ಮಣ್ಣ ನೋಡಿದ್ರಿ. ಪಾಳಿ ಮತ್ತ ಯಾವಾಗ ಅಂತ ಒಂದ್ ಮಾತ್ ಕೇಳಿದ್ರ ನಿಮ್ಮ ಗಂಟೇನ್ ಹೋಗ್ತಿತ್ರೀ?” ಎಂದು ಕಾಶೆವ್ವ ನಕ್ಕರು. ಆ ನಗು ಕಿವಿಯಿಂದ ಹೋಗುತ್ತಿಲ್ಲ.

ಪಕ್ಕದ ಹೊಲದ ಅಡಿವೆಯ್ಯ ನಾಳಿನ ತಮ್ಮ ಪಾಳಿ ಕೊಡಲು ಒಪ್ಪಿ ಕಾಶೆವ್ವನಿಗೆ ಹೇಳಿದರು: “ನಂದಿನ್ನೂ ಹಸಿ ಐತಿ. ನಿನ್ ಪಾಳಿ ನನಗ ಕೊಡು ಮತ್ತ, ಮರ್ತಗಿರ್ತ ಬಿಟ್ಟೀ!”

ಬೆಳೆ ಚೇತರಿಸಿಕೊಂಡೀತೇ, ಗೊತ್ತಿಲ್ಲ. ನನ್ನ ಮಾತು ನಂಬಿ ಇನ್ನೂ ಯಾರ್ಯಾರು ಪಾಳಿ ಬಿಡುತ್ತಾರೋ. ಬಿಡಬೇಡಿ, ಅದಲುಬದಲು ಮಾಡಿಕೊಳ್ಳಿ ಎಂದು ಬರೆಯಬೇಕು. ಕಾಶೆವ್ವನ ಬೆಳೆ ಬಾಡಿದ್ದು ನನ್ನ ಸಲಹೆಯಿಂದ ಎಂದೂ. ಸಂದೇಶ ಹಾಕುವುದು ಸೋಮವಾರ. ಅಲ್ಲಿಯವರೆಗೆ ತಡೆಯಲಾರೆ. ನಾಳೆಯೇ, ಫೆಬ್ರವರಿ ೧೨ರಂದೇ, ಹಾಕುತ್ತೇನೆ.