ಬಾಲವಿಲ್ಲದ ನೀಲಿ

ಕಡಲಬದಿಯ ಮನೆ,
ಮಾರ್ಚ್ ೧೪, ಮಂಗಳವಾರ

ನನ್ನ ಮುದ್ದು ಮಗಳಿಗೆ,

ಹೇಗಿದ್ದೀಯೇ? ಹೊಟ್ಟೆ ತೊಳಸುವುದು ನಿಂತಿತೇ? ಸರ್ವೆ ಹಡಗಿನ ಅಡುಗೆಯವನು ಹಾಕಿದ್ದನ್ನು ಮೂಗು ಮುರಿಯದೆ ತಿನ್ನು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನಿಗೆ ಮಾತ್ರ ನನ್ನ ಮೇಲೆ ಕೋಪ. ಅವರು ಗಡಿಯಾರ ರಿಪೇರಿಗೆ ಕೂತಾಗಲೆಲ್ಲ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಅವರ ಕಣ್ಣುಗಾಜು ನನ್ನ ಹತ್ತಿರ ಇರುತ್ತದೆ. "ಅಲ್ಲಿ ಗಿರಾಕಿ ಕಾಯ್ತಿದ್ದಾರೆ, ಇವಳಿಗೆ ಚಿಟ್ಟೆ ಹುಚ್ಚು" ಎಂದು ದಿನವೂ ಗೊಣಗಾಟ.

ಹುಚ್ಚು ಹಿಡಿಸಿದವಳು ನೀನೇ. ಮರಳದಿಬ್ಬದ ನೀಲಿ ಚಿಟ್ಟೆಗಳನ್ನು ಎಣಿಸುತ್ತಿರು ಎಂದು ಹೇಳಿ ಹೋದೆ. ಉಗುರಿನಷ್ಟು ಗಾತ್ರದ ಈ ನೀಲಿಗಳು ಮೂರು ದಾಯಾದಿಗಳು ಎಂದೆ. ತೋಟದ ನೀಲಿಗೆ ಹಿಂದಿನ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಎರಡು ಕಪ್ಪು ಬೊಟ್ಟು. ಜೌಗಿನ ನೀಲಿಗೂ ಬಾಲ ಉಂಟು, ಕಣ್ಣು ಒಂದೇ. ನಮ್ಮ ದಿಬ್ಬದ ನೀಲಿಗೆ ಬಾಲವೂ ಇಲ್ಲ, ಕಣ್ಣೂ ಇಲ್ಲ. ಅದು ಯಾರೂ ಹೆಸರಿಡದ ಹೊಸ ಜಾತಿ ಎಂಬುದು ನಿನ್ನ ವಾದ. "ಹತ್ತು ವರ್ಷದ ಓದು ಈ ಒಂದು ಲೇಖನದಲ್ಲಿದೆ ಅಮ್ಮಾ, ಶುಕ್ರವಾರ ಮರೀದೆ ಅಂಚೆಗೆ ಹಾಕು" ಎಂದು ಲಕೋಟೆ ಕೈಗಿಟ್ಟೆ.

ಎಣಿಸುತ್ತಾ ಎಣಿಸುತ್ತಾ ನನ್ನ ತಲೆಗೊಂದು ಹುಳ ಹೊಕ್ಕಿತು ಕಣೇ. ಬೆಳಿಗ್ಗೆ ಹೋದರೆ ಪೊದೆಯಲ್ಲಿ ಬಾಲದವೇ ಹೆಚ್ಚು, ಮಧ್ಯಾಹ್ನ ಹೋದರೆ ಬಾಲವಿಲ್ಲದವು. ಹಾಗಾದರೆ ಇವು ಬೆಳಿಗ್ಗೆ ಎಲ್ಲಿ ಅಡಗಿರುತ್ತವೆ? ತಡೆಯಲಾಗದೆ, ಬಾಲವಿದ್ದ ಹನ್ನೊಂದು ತೋಟದ ನೀಲಿಗಳನ್ನು ಬಲೆಯಲ್ಲಿ ಹಿಡಿದು, ನಿನ್ನ ಕೆಂಪು ಉಗುರುಬಣ್ಣದಿಂದ ಒಂದೊಂದು ಚುಕ್ಕೆ ಇಟ್ಟು ಬಿಟ್ಟೆ. ಮೂರನೆಯ ದಿನ ನೋಡುತ್ತೇನೆ, ಅಯ್ಯೋ ದೇವರೇ, ಕೆಂಪು ಚುಕ್ಕೆಯ ಐದಕ್ಕೆ ಬಾಲವಿಲ್ಲ! ಕಣ್ಣುಗಾಜು ಹಿಡಿದರೆ, ಕಣ್ಣುಗಳಿದ್ದ ತುಂಡೂ ಇಲ್ಲ, ಕಚ್ಚಿ ತೆಗೆದಂತಿದೆ.

ಕಚ್ಚುವವರು ಯಾರೆಂದು ಕೊಡೆ ಹಿಡಿದು ಅಲ್ಲೇ ಕೂತೆ. ಚಿಟ್ಟೆ ತಲೆಕೆಳಗಾಗಿ ಕೂತು ಹಿಂದಿನ ರೆಕ್ಕೆಗಳನ್ನು ಉಜ್ಜುತ್ತಿತ್ತು, ಬಾಲಗಳು ಮೀಸೆಯ ಹಾಗೆ ಕುಣಿಯುತ್ತಿದ್ದವು. ಓತಿಕ್ಯಾತವೊಂದು ಅದನ್ನೇ ತಲೆ ಎಂದುಕೊಂಡು ಗಬಕ್ಕನೆ ಬಾಯಿ ಹಾಕಿತು. ಸಿಕ್ಕಿದ್ದು ಬರೀ ಬಾಲ! ಚಿಟ್ಟೆ ತಲೆ ಉಳಿಸಿಕೊಂಡು ಹಾರಿಹೋಯಿತು. ಎಂಥ ಕಿಲಾಡಿ ನೋಡು! ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಆಮೇಲೆ ನಿನ್ನ ಲೇಖನ ನೆನಪಾಯಿತು. ದಿಬ್ಬದ ನೀಲಿ ದಾಯಾದಿಯಲ್ಲ ಮಗಳೇ, ಬಾಲ ಕಳೆದುಕೊಂಡ ತೋಟದ ನೀಲಿಯೇ ಇರಬೇಕು. ನಾನು ಓದಿದವಳಲ್ಲ, ತಪ್ಪಿದ್ದರೆ ತಿದ್ದು. ಎಣಿಕೆಯ ಪಟ್ಟಿಯನ್ನು ತಾರೀಖಿನ ಸಮೇತ ಇದರೊಳಗಿಟ್ಟಿದ್ದೇನೆ.

ಅಪ್ಪ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಬಿಸಿಲಿಗೆ ಟೋಪಿ ಹಾಕಿಕೋ. ನಿನಗೆ ಎಲ್ಲವೂ ಒಳ್ಳೆಯದಾಗಲಿ.

ನಿನ್ನ
ಅಮ್ಮ

ತಾ.ಕ.: ನಿನ್ನ ಹಡಗಿಗೆ ಕಾಗದ ಒಯ್ಯುವ ದೋಣಿಯವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಶುಕ್ರವಾರ ನಿನ್ನ ಲಕೋಟೆ ಹಾಕಲಿಲ್ಲ. ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿದೆ, ಒಬ್ಬರದನ್ನೂ ಒಂದು ದಿನ ತಡೆದವಳಲ್ಲ. ನಿನ್ನದನ್ನು ತಡೆದಿದ್ದೇನೆ. ಬೈಯುವುದಿದ್ದರೆ ಬೈ. "ಹಾಕು" ಎಂದು ಬರೆದರೆ, ಅಂದೇ ಹಾಕುತ್ತೇನೆ.