ಕಟ್ಟಿದರೆ ಅನುಮತಿಯಿಲ್ಲ, ಕಟ್ಟದಿದ್ದರೆ ಅಗತ್ಯವಿಲ್ಲ

ಮಾನ್ಯ ಪರಿಶೀಲನಾಧಿಕಾರಿಗಳೇ,

ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಒಂದೇ ತಪ್ಪಿಗೆ ನಮ್ಮ ಕೊಳಚೆನೀರು ಶುದ್ಧೀಕರಣ ಘಟಕದ ಕಾಂತೀಯ ಪುಡಿಯನ್ನು ನೀವು ನಿಲ್ಲಿಸಿದ್ದೀರಿ. ಇಂಥ ತರ್ಕ ಸಾಮಾನ್ಯರ ತಲೆಗೆ ಹೊಳೆಯುವಂಥದ್ದಲ್ಲ, ಅಭಿನಂದನೆಗಳು.

ಈ ಬಹಿರಂಗ ಪತ್ರದ ಓದುಗರಿಗೆ ವಿಷಯ ತಿಳಿಯಲಿ. ನಮ್ಮಲ್ಲಿ ಕೊಳಚೆ ಸೋಸುವುದು ಮೆಂಬ್ರೇನ್ ಹಾಳೆಗಳು. ಅವುಗಳ ಸೂಕ್ಷ್ಮ ರಂಧ್ರಗಳಿಗೆ ಲೋಳೆ ಮೆತ್ತಿದರೆ ಹಾಳೆ ಕಟ್ಟಿಕೊಂಡು ನೀರು ನಿಲ್ಲುತ್ತದೆ. ಆಗ ಯಾರಾದರೂ ತೊಟ್ಟಿಗೆ ಇಳಿದು, ಕ್ಲೋರಿನ್ ಘಾಟಿನಲ್ಲಿ ನಿಂತು ತೊಳೆಯಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಆಕ್ಸೈಡ್ ಕಣಗಳನ್ನು ಬೆರೆಸಿದ ಮೇಲೆ ಲೋಳೆ ಹಾಳೆಯನ್ನು ಬಿಟ್ಟು ಅವಕ್ಕೆ ಅಂಟತೊಡಗಿತು. ಹೊರಗಿನಿಂದ ಅಯಸ್ಕಾಂತ ಆಡಿಸಿದರೆ, ಮೊದಲೇ ಮೆತ್ತಿದ್ದನ್ನೂ ಆ ಕಣಗಳೇ ಉಜ್ಜಿ ಕಿತ್ತು ತರುತ್ತಿದ್ದವು. ಪುಡಿಯನ್ನು ತೊಳೆದು ಮತ್ತೆ ಹಾಕುತ್ತಿದ್ದೆವು. ಯಾರೂ ತೊಟ್ಟಿಗೆ ಇಳಿಯುವ ಪ್ರಮೇಯವೇ ಬರಲಿಲ್ಲ.

ನೀವು ಬಂದಿರಿ, ಮೂಗಿಗೆ ಕರವಸ್ತ್ರ ಹಿಡಿದು ಇಣುಕಿದಿರಿ. "ಹಾಳೆ ಎಲ್ಲಾ ಕ್ಲೀನಾಗೇ ಇದೆಯಲ್ರೀ, ಮತ್ತೆ ಈ ಪುಡಿ ಯಾಕೆ?" ಎಂದಿರಿ.

"ಪುಡಿ ಇರೋದಕ್ಕೇ ಕ್ಲೀನಾಗಿದೆ ಸರ್" ಎಂದೆ. ನಕ್ಕಿರಿ. ಆಮೇಲೆ ಆದೇಶ ಬಂತು: ಸಮಸ್ಯೆಯಿಲ್ಲದ ಕಡೆ ಪರಿಹಾರ ಅನಗತ್ಯ. ಪುಡಿ ನಿಂತಿತು, ಹಾಳೆ ಕಟ್ಟಿತು. ಪುಡಿ ಕೊಡಿ ಎಂದರೆ ಈಗ ಇನ್ನೊಂದು ಆದೇಶ: ಕಟ್ಟಿದ ಹಾಳೆಯ ಮೇಲೆ ಪ್ರಯೋಗಕ್ಕೆ ಅನುಮತಿಯಿಲ್ಲ, ಮೊದಲು ಸ್ವಚ್ಛಗೊಳಿಸಿ. ಹಾಗಾದರೆ ನಾನು ಯಾವ ಬಾಗಿಲಿನಿಂದ ಬರಲಿ, ಸ್ವಾಮಿ?

ಸ್ವಚ್ಛಗೊಳಿಸಬೇಕಾದವರು ಯಾರು ಗೊತ್ತೇ? ಇಲ್ಲೇ ಕೆಲಸ ಮಾಡುವ ನನ್ನ ಭಾವ, ಅಕ್ಕನ ಗಂಡ. ಅವರು ಇಳಿಯಲು ಸಹಿ ಹಾಕಬೇಕಾದವನು ನಾನು. ಕಳೆದ ಸಲ, ಪುಡಿ ಹಾಕುವುದಕ್ಕೂ ಮೊದಲು, ಇಳಿದು ಮೇಲೆ ಬಂದವರು ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂತರು. ಇನ್ನೊಮ್ಮೆ ಆ ಘಾಟು ಕುಡಿದರೆ ಶ್ವಾಸಕೋಶ ತಡೆಯದು ಎಂದಿದ್ದಾರೆ ವೈದ್ಯರು. ಭಾವನೋ, "ನಾನಿಳೀದಿದ್ರೆ ಇನ್ಯಾರನ್ನೋ ಇಳಿಸ್ತೀಯ. ಅವರಿಗೂ ಹೆಂಡ್ತಿ ಮಕ್ಕಳಿಲ್ವೇನೋ? ಸಹಿ ಹಾಕು" ಎನ್ನುತ್ತಾರೆ. "ನಿನ್ನ ಕೈಯಾರೆ ಕಳಿಸ್ತೀಯೇನೋ ಅವರನ್ನ?" ಎಂದು ಅಕ್ಕ ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಸಹಿ ಹಾಕದಿದ್ದರೆ ಕೊಳಚೆ ಹಾಗೇ ಹೊಳೆಗೆ ಹೋಗುತ್ತದೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ನನಗೆ ಭಯವಾಗಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದೆ.

ಬೇಡಿಕೆ ಒಂದೇ. ಪುಡಿಗೆ ಇಂದೇ ಅನುಮತಿ ಕೊಡಿ. ಆಗದಿದ್ದರೆ ನೀವೇ ತೊಟ್ಟಿಯ ಬಳಿ ಬನ್ನಿ. ಭಾವನ ಸೊಂಟಕ್ಕೆ ಹಗ್ಗ ನಾನು ಕಟ್ಟುತ್ತೇನೆ, 'ಇಳಿ' ಎಂಬ ಮಾತನ್ನು ಮಾತ್ರ ನೀವು ಹೇಳಿ. ಅಕ್ಕನೂ ಅಲ್ಲೇ ನಿಂತಿರುತ್ತಾಳೆ.

ಇಂತಿ,
ಪೆನ್ನು ಮುಟ್ಟಲು ಹೆದರುವ,
ನಿಮ್ಮದೇ ಘಟಕದ ಪಾಳಿ ಎಂಜಿನಿಯರ್